22 ಮಹಡಿಯ ವಿದ್ಯಾರ್ಥಿ ವಸತಿ, ರೂಮಿಗೆ 500 ವ್ಯಾಟ್ ಹೀಟರ್ ಸಾಕಾ? ಗಾಳಿಯ ಲೆಕ್ಕ ಗೊತ್ತಿರುವವರು ಹೇಳಿ

ಹಾಸನದ_ಹೈದ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಎಂಇಪಿ (ಕಟ್ಟಡದ ಗಾಳಿ, ಕರೆಂಟು, ನೀರಿನ ವ್ಯವಸ್ಥೆ) ಆಫೀಸಿನಲ್ಲಿದ್ದೇನೆ. ಇಂಗ್ಲೆಂಡಿನ ಕಟ್ಟಡಗಳ ಡ್ರಾಯಿಂಗು, ಹೀಟ್ ಲೋಡ್ ಲೆಕ್ಕ ಎಲ್ಲ ಇಲ್ಲಿಂದಲೇ ಹೋಗುತ್ತದೆ. ಈಗ ಕೈಗೆ ಬಂದಿರುವುದು ಉತ್ತರ ಇಂಗ್ಲೆಂಡಿನಲ್ಲಿ ಕಟ್ಟಲಿರುವ 22 ಮಹಡಿಯ ವಿದ್ಯಾರ್ಥಿ ವಸತಿ. ಆರು ರೂಮು ಸೇರಿ ಒಂದು ಅಡುಗೆಮನೆ. ರೂಮು 13 ಚದರ ಮೀಟರ್, ಒಳಗೇ ಬಾತ್‌ರೂಮು, ಹೊರಗೋಡೆ ಇರುವುದು ಒಂದೇ ಕಡೆ.

ಹೊರಗೆ ಮೈನಸ್ 4 ಡಿಗ್ರಿ, ಒಳಗೆ 21 ಅಂತ ಲೆಕ್ಕಕ್ಕೆ ಕೊಟ್ಟಿದ್ದಾರೆ. ಆದರೆ ರೂಮಿಗೆ ತೋರಿಸಿರುವುದು ಗೋಡೆಗೆ ಹಾಕುವ ಒಂದು ಎಲೆಕ್ಟ್ರಿಕ್ ಪ್ಯಾನೆಲ್ ಹೀಟರ್, ಅದೂ 500 ವ್ಯಾಟ್. ನಮ್ಮನೆ ಗೀಸರೇ 2,000 ವ್ಯಾಟ್! ಇತ್ತ ಸೀಲಿಂಗ್ ನೋಡಿದರೆ ಇರುವ ಜಾಗವೆಲ್ಲ ಗಾಳಿಯ ಡಕ್ಟಿಗೇ ಹೋಗಿದೆ. ಸ್ಪ್ರಿಂಕ್ಲರ್ ಪೈಪಿನವರಿಗೂ ನಮಗೂ ದಿನಾ ಜಗಳ. ಹೀಟಿಂಗ್ ಇಷ್ಟು ಚಿಕ್ಕದು, ವೆಂಟಿಲೇಶನ್ ಇಷ್ಟು ದೊಡ್ಡದು ಯಾಕೆ? ಸೀನಿಯರನ್ನು ಕೇಳಿದರೆ "ಸ್ಪೆಕ್ ನೋಡು" ಅಂತಾರೆ. ಹಾಸನದ ಡಿಸೆಂಬರ್ ಚಳಿ ಬಿಟ್ಟರೆ ಬೇರೆ ಚಳಿ ನಾನು ಕಂಡಿಲ್ಲ. ಅಲ್ಲಿ ಇದ್ದವರು, ಇಂಥ ಕೆಲಸ ಮಾಡಿದವರು ಹೇಳಿ.

ಗಾಂಧಿಬಜಾರ್_ಗುರು

ಮೈನಸ್ 4ಕ್ಕೆ 500 ವ್ಯಾಟಾ? ಬಿಲ್ಡರ್ ದುಡ್ಡು ಉಳಿಸಿದ್ದಾನೆ ಅಷ್ಟೆ. ಹುಡುಗರು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಮಲಗಬೇಕು.

ಪೆನ್ನೈನ್_ಪಯಣಿಗ

ಗುರುಗಳೇ, ಸ್ವಲ್ಪ ತಡೀರಿ. ಬಿಲ್ಡರನ್ನು ಬೈಯೋಕೆ ಬೇರೆ ಜಾಗ ಇದೆ, ಅಲ್ಲಿಗೂ ಬರೋಣ. ಮೊದಲು ಲೆಕ್ಕ. ನಾನು ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುವವನು.

ಹೈದ, ನಿಮ್ಮ ರೂಮಿನ ಹೊರಗೋಡೆ ಸುಮಾರು 7 ಚದರ ಮೀಟರ್ ಇರಬಹುದು. ಅದರಲ್ಲಿ ಕಿಟಕಿ 2 ಅಂತ ಇಟ್ಟುಕೊಳ್ಳಿ. ಯು-ವ್ಯಾಲ್ಯೂ, ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ ಹೊರಗೆ ಹೋಗುವ ವ್ಯಾಟ್, ಕಿಟಕಿಗೆ 1.4, ಗೋಡೆಗೆ 0.18 ಹಿಡಿಯಿರಿ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಕಿಟಕಿಯಿಂದ 2.8 ವ್ಯಾಟ್, ಗೋಡೆಯಿಂದ 0.9 ವ್ಯಾಟ್ ಹೊರಗೆ ಹೋಗುತ್ತದೆ. 25 ಡಿಗ್ರಿ ವ್ಯತ್ಯಾಸಕ್ಕೆ ಎರಡೂ ಸೇರಿ 93 ವ್ಯಾಟ್. ಅಷ್ಟೇ! ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಎಲ್ಲಾ ಕಡೆ ಬೇರೆ ಹುಡುಗರ ಬೆಚ್ಚಗಿನ ರೂಮುಗಳೇ ಇರುವುದರಿಂದ ಆ ಕಡೆ ಏನೂ ಹೋಗುವುದಿಲ್ಲ.

ಈಗ ಗಾಳಿ ನೋಡಿ. ಬಾತ್‌ರೂಮಿನಿಂದ ಸೆಕೆಂಡಿಗೆ 8 ಲೀಟರ್ ಗಾಳಿಯನ್ನು ಹಗಲೂ ರಾತ್ರಿ ಎಳೆದು ಹೊರಗೆ ಹಾಕುತ್ತಿರಬೇಕು. ಅಷ್ಟೇ ತಣ್ಣನೆಯ ಗಾಳಿ ಒಳಗೆ ಬರಲೇಬೇಕಲ್ಲ. ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಏರಿಸಲು 1.2 ಜೂಲ್ ಬೇಕು. 8 × 1.2 × 25 ಅಂದರೆ 240 ವ್ಯಾಟ್. ಸಂದುಗೊಂದಿನಲ್ಲಿ ನುಸುಳುವ ಗಾಳಿಗೆ ಇನ್ನೊಂದು 40 ಸೇರಿಸಿ. ಒಟ್ಟು 370ರ ಆಸುಪಾಸು ಆಯಿತು. ಗೋಡೆ, ಕಿಟಕಿ ತಿನ್ನುವುದರ ಮೂರು ಪಟ್ಟು ಶಾಖವನ್ನು ಗಾಳಿಯೇ ತಿನ್ನುತ್ತಿದೆ.

ಹೊರಗೆ ಹೋಗುವ ಗಾಳಿಯ ಶಾಖವನ್ನು ಒಳಗೆ ಬರುವ ಗಾಳಿಗೆ ದಾಟಿಸುವ ಯಂತ್ರ ಇದೆಯಲ್ಲ, ಎಂವಿಹೆಚ್‌ಆರ್, ಅದನ್ನು ಹಾಕಿ ಶೇ 80ರಷ್ಟು ಶಾಖ ಉಳಿಸಿದರೆ ಆ 240 ಇಳಿದು 48 ಆಗುತ್ತದೆ. ಇಡೀ ರೂಮಿಗೆ ಬೇಕಾಗಿದ್ದು 180 ವ್ಯಾಟ್. ಕೂತು ಓದುವ ಒಬ್ಬ ಮನುಷ್ಯನ ಮೈಯಿಂದಲೇ 100 ವ್ಯಾಟ್ ಹತ್ತಿರ ಬರುತ್ತದೆ. ಲ್ಯಾಪ್‌ಟಾಪು ಇನ್ನೊಂದು 50. ಉಳಿದದ್ದು ಒಂದು ಹಳೇ ಬಲ್ಬಿನಷ್ಟು. ಮತ್ತೆ 500 ಯಾಕೆ ಅಂದರೆ, ಕ್ರಿಸ್‌ಮಸ್ ರಜೆ ಮುಗಿಸಿ ಬಂದಾಗ ಆರಿ ತಣ್ಣಗಾದ ರೂಮು ಬೇಗ ಬೆಚ್ಚಗಾಗಲಿ ಅಂತ.

ಹಾಗಾಗಿ ಇಂಥ ಕಟ್ಟಡದಲ್ಲಿ ಹೀಟರ್ ದೊಡ್ಡ ವಿಷಯವೇ ಅಲ್ಲ. ಗಾಳಿ ಸರಿಯಾಯಿತೋ, ಎಲ್ಲ ಸರಿ. ಗಾಳಿ ಕೆಟ್ಟರೆ ಎಷ್ಟು ವ್ಯಾಟ್ ಹಾಕಿದರೂ ರೂಮು ಸರಿಹೋಗುವುದಿಲ್ಲ.

ಹಾಸನದ_ಹೈದ

ಅಬ್ಬಾ! ಇಷ್ಟನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಆಗ್ತಿತ್ತು. ಧನ್ಯವಾದ ಸರ್.

ಕರಾವಳಿ_ಕೂಸು

ಲೆಕ್ಕ ಚಂದ ಉಂಟು ಮಾರಾಯ್ರೆ. ನಾನಿರುವುದು ಅಂಥದ್ದೇ ಒಂದು ಕಟ್ಟಡದ 17ನೇ ಮಹಡಿಯಲ್ಲಿ, ಎಂಎಸ್ಸಿ ಮಾಡುತ್ತಿದ್ದೇನೆ. ಹೆಸರು ಬೇಡ. ಇಲ್ಲಿನ ಕತೆ ಕೇಳಿ.

ಹೀಟರಿನಲ್ಲಿ ಒಂದು ಬಟನ್. ಒತ್ತಿದರೆ ಎರಡು ಗಂಟೆ ಉರಿಯುತ್ತದೆ, ಆಮೇಲೆ ತಾನೇ ಆರುತ್ತದೆ. ಅದು ನನಗೇನೂ ತೊಂದರೆ ಇಲ್ಲ. ಚಳಿ ಅಂತ ಅನಿಸಿದ್ದೇ ಕಡಿಮೆ. ತೊಂದರೆ ಇರುವುದು ನೀರಿನದು. ಬೆಳಿಗ್ಗೆ ಎದ್ದರೆ ಕಿಟಕಿಯ ಕೆಳಗಿನ ಅಂಚಿನಲ್ಲಿ ನೀರು ಸಾಲಾಗಿ ನಿಂತಿರುತ್ತದೆ. ಟಿಶ್ಯೂವಿನಲ್ಲಿ ಒರೆಸಿದರೆ ಇಡೀ ಕೈ ಒದ್ದೆ. ಮಂಚದ ತಲೆಯ ಹಿಂದೆ, ಹೊರಗೋಡೆಯೂ ಪಕ್ಕದ ಗೋಡೆಯೂ ಸೇರುವ ಮೂಲೆಯಲ್ಲಿ, ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಶುರುವಾಗಿ ಈಗ ಅಂಗೈ ಅಗಲ ಆಗಿವೆ. ಬೂಷ್ಟು.

ಹೇಳಿದರೆ "ಬಟ್ಟೆ ರೂಮಿನಲ್ಲಿ ಒಣಗಿಸಬೇಡಿ, ಕಿಟಕಿ ತೆಗೆಯಿರಿ" ಅಂತ ಇಮೇಲ್ ಬರುತ್ತದೆ. ಕಿಟಕಿ ತೆರೆಯುವುದು 100 ಮಿಲಿಮೀಟರ್, ಒಂದು ಗೇಣೂ ಇಲ್ಲ. ಡ್ರೈಯರಿಗೆ ಪ್ರತಿ ಸಲ ದುಡ್ಡು. ಮತ್ತೆ ಬಟ್ಟೆ ಎಲ್ಲಿ ಹಾಕುವುದು?

ಬಾತ್‌ರೂಮಿನ ಸೀಲಿಂಗಿನಲ್ಲಿ ಒಂದು ದುಂಡನೆಯ ಬಿಳಿ ಗ್ರಿಲ್ ಇದೆ. ಅದರ ಹತ್ತಿರ ಒಂದು ಪದರ ಟಿಶ್ಯೂ ಹಿಡಿದರೆ ಅಂಟಿಕೊಳ್ಳಬೇಕಂತೆ. ನನ್ನದರಲ್ಲಿ ಒಂದು ಸಲ ಅಲುಗಾಡಿ ಬಿದ್ದೇ ಹೋಯಿತು. ಸ್ಟೂಲ್ ಮೇಲೆ ನಿಂತು ನೋಡಿದೆ. ಗ್ರಿಲ್ಲಿನ ಸಂದು ಸುತ್ತ ಬೂದು ಧೂಳು ದಪ್ಪಗೆ ಕಟ್ಟಿ, ತೂತು ಅರ್ಧಕ್ಕರ್ಧ ಮುಚ್ಚಿದೆ. ಇದು ನಿಮ್ಮ ಸೆಕೆಂಡಿಗೆ 8 ಲೀಟರಾ ಪಯಣಿಗರೇ?

ಪೆನ್ನೈನ್_ಪಯಣಿಗ

ಅಲ್ಲವೇ ಅಲ್ಲ ತಂಗಿ. ನಿನ್ನ ವರ್ಣನೆ ನೋಡಿದರೆ 3 ಲೀಟರ್ ಬಂದರೆ ಪುಣ್ಯ. ಬೈಯುವ ಜಾಗ ಬಂತು ನೋಡಿ ಗುರುಗಳೇ.

ಅದರ ಪರಿಣಾಮ ಎರಡು. ಒಂದು ಉಸಿರು. ಕೂತಿರುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. 8 ಲೀಟರ್ ಗಾಳಿ ಓಡಾಡುತ್ತಿದ್ದರೆ ರೂಮಿನಲ್ಲಿ ಅದು 1,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಚಿಲ್ಲರೆಗೆ ನಿಲ್ಲುತ್ತದೆ. 3 ಲೀಟರಿಗೆ ಇಳಿದರೆ 2,000 ದಾಟುತ್ತದೆ. ಮಧ್ಯಾಹ್ನ ಓದಲು ಕೂತರೆ ತೂಕಡಿಕೆ, ತಲೆ ಭಾರ. ಹುಡುಗರು ಪಾಪ, ಊಟ ಜಾಸ್ತಿ ಆಯ್ತು ಅಂದುಕೊಳ್ಳುತ್ತಾರೆ.

ಎರಡನೆಯದು ತೇವ. ಒಂದು ರಾತ್ರಿ ಮಲಗಿದರೆ ಮೈಯಿಂದ, ಉಸಿರಿನಿಂದ ಮೂರು ನಾಲ್ಕು ಲೋಟದಷ್ಟಲ್ಲದಿದ್ದರೂ ಒಂದೂವರೆ ಲೋಟ ನೀರು ಗಾಳಿಗೆ ಸೇರುತ್ತದೆ. ಒಂದು ಮೆಷಿನ್ ಬಟ್ಟೆ ರೂಮಿನಲ್ಲಿ ಒಣಗಿದರೆ ಒಂದೂವರೆ ಎರಡು ಲೀಟರ್. ರೂಮು 20 ಡಿಗ್ರಿ, ತೇವಾಂಶ ಶೇ 60 ಇದ್ದಾಗ 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಸಿಕ್ಕಿದರೂ ಅಲ್ಲಿ ನೀರು ಕೂರುತ್ತದೆ. ಕಿಟಕಿಯ ಅಂಚು ಅದು. ಬೂಷ್ಟಿಗೆ ಅಷ್ಟೂ ಬೇಡ. 15 ಡಿಗ್ರಿಯ ಮೂಲೆ ಸಾಕು, ಯಾಕಂದರೆ ಆ ಮೂಲೆಯ ಹತ್ತಿರ ತೇವಾಂಶ ಶೇ 80 ಮುಟ್ಟಿರುತ್ತದೆ. ಮಂಚದ ತಲೆ ಗೋಡೆಗೆ ಒತ್ತಿಕೊಂಡಿದ್ದರೆ ಬೆಚ್ಚಗಿನ ಗಾಳಿ ಅಲ್ಲಿಗೆ ತಲುಪುವುದಿಲ್ಲ. ಸದ್ಯಕ್ಕೆ ಮಂಚ ಒಂದು ಗೇಣು ಈಚೆ ಎಳೆದುಕೋ. ಟಿಶ್ಯೂ ಬೀಳುವುದನ್ನು ವಿಡಿಯೊ ಮಾಡಿ ಕಳಿಸು. "ಬಟ್ಟೆ ಒಣಗಿಸಬೇಡಿ" ಎನ್ನುವ ಇಮೇಲಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಹೈದ, ಇದು ನಿಮಗೆ. ಈಗ ಡ್ರಾಯಿಂಗಿನಲ್ಲಿರುವುದು ಯಾವ ಪದ್ಧತಿ? ತಾರಸಿಯ ಮೇಲೆ ಒಂದು ದೊಡ್ಡ ಯಂತ್ರ ಇಟ್ಟು ಎಲ್ಲಾ ಮಹಡಿಗೂ ಶಾಫ್ಟಾ, ಆರು ರೂಮಿಗೆ ಒಂದು ಯಂತ್ರವಾ, ರೂಮಿಗೊಂದಾ?

ಹಾಸನದ_ಹೈದ

ರೂಮಿಗೊಂದು ಸರ್. ಬಾತ್‌ರೂಮಿನ ಸೀಲಿಂಗಿನೊಳಗೆ ಚಪ್ಪಟೆ ಎಂವಿಹೆಚ್‌ಆರ್. ಹೊರಗೋಡೆಗೆ ಎರಡು ಡಕ್ಟು ಹೋಗುತ್ತವೆ, ಒಂದು ಒಳಕ್ಕೆ, ಒಂದು ಹೊರಕ್ಕೆ.

ಪೆನ್ನೈನ್_ಪಯಣಿಗ

ಹಾಗಾದರೆ ಮೂರು ವಿಷಯ ನೋಡಿಕೊಳ್ಳಿ. ಫಿಲ್ಟರ್ ಬದಲಿಸಲು ಯಾರು ಹೋಗುತ್ತಾರೆ? ನೂರಾರು ರೂಮು, ಒಂದೊಂದಕ್ಕೂ ಮೊದಲೇ ತಿಳಿಸಿ, ಬಾಗಿಲು ತಟ್ಟಿ, ಸ್ಟೂಲ್ ಹಾಕಿ, ಸೀಲಿಂಗ್ ಮುಚ್ಚಳ ಬಿಚ್ಚಬೇಕು. ಹಾಗಾಗಿ ಯಾರೂ ಹೋಗುವುದಿಲ್ಲ. ಕರಾವಳಿ ತಂಗಿಯ ಗ್ರಿಲ್ಲಿನ ಧೂಳು ಅದರದ್ದೇ ಫಲ. ಮುಚ್ಚಳ ಉಪಕರಣ ಇಲ್ಲದೆ ಬಿಚ್ಚುವಂತಿರಲಿ, ಶವರಿನ ನೆತ್ತಿಯ ಮೇಲೆ ಇರದಿರಲಿ.

ಇನ್ನೊಂದು, ಎತ್ತರದ ಗಾಳಿ. ಗಾಳಿ ಸೆಕೆಂಡಿಗೆ 10 ಮೀಟರ್ ಬೀಸಿದರೆ ಗೋಡೆಗೆ ಅದರ ಒತ್ತಡ 60 ಪಾಸ್ಕಲ್ ಆಸುಪಾಸು. 20 ಮೀಟರ್ ಬೀಸಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 240. 20ನೇ ಮಹಡಿಯಲ್ಲಿ ಬಿರುಗಾಳಿಯ ದಿನ ಅದು ಮಾಮೂಲು. ನಿಮ್ಮ ಪುಟಾಣಿ ಫ್ಯಾನಿಗೆ ಅಷ್ಟನ್ನು ಎದುರಿಸುವ ಶಕ್ತಿ ಇರುವುದಿಲ್ಲ. ಹೊರಗೆ ಹೋಗುವ ಡಕ್ಟೂ ಒಳಗೆ ಬರುವ ಡಕ್ಟೂ ಒಂದೇ ಗೋಡೆಯಲ್ಲಿದ್ದರೆ ಎರಡರ ಮೇಲೂ ಒಂದೇ ಒತ್ತಡ ಬಿದ್ದು ಹೆಚ್ಚು ಕಡಿಮೆ ಸರಿದೂಗುತ್ತದೆ. ಬರೀ ಎಳೆಯುವ ಫ್ಯಾನ್ ಇರುವ ಕಟ್ಟಡದಲ್ಲಿ ಆ ಅನುಕೂಲ ಇಲ್ಲ.

ಕೊನೆಯದು, ಆ ಎರಡು ಬಾಯಿಗಳ ನಡುವಿನ ಅಂತರ. ಕಟ್ಟಡ ಚಂದ ಕಾಣಲಿ ಅಂತ ಆರ್ಕಿಟೆಕ್ಟ್ ಎರಡನ್ನೂ ಒಂದೇ ಲೂವರಿನ, ಅಂದರೆ ಓರೆ ಪಟ್ಟಿಗಳ ಜಾಲರಿಯ, ಹಿಂದೆ ಅಡಗಿಸುತ್ತಾರೆ. ಆಗ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೀರಿ.

ಧಾರವಾಡ_ಪೇಡೆ

ಟೊರಾಂಟೋದಿಂದ ನಮಸ್ಕಾರ ರೀ. ನಾನು ಇಲ್ಲಿ ಎತ್ತರದ ಕಟ್ಟಡಗಳ ಮೇಂಟೆನೆನ್ಸ್ ನೋಡ್ಕೋತೀನಿ. ಬಾಡಿಗೆಗೆ ಇರುವವರಲ್ಲಿ ಅರ್ಧಕ್ಕರ್ಧ ವಿದ್ಯಾರ್ಥಿಗಳೇ.

ಇಲ್ಲಿನ ಹಳೇ ಕಟ್ಟಡಗಳಲ್ಲಿ ಬೇರೆ ಪದ್ಧತಿ. ತಾರಸಿ ಮೇಲಿನ ಯಂತ್ರ ಹೊರಗಿನ ಗಾಳಿಯನ್ನು ಬೆಚ್ಚಗೆ ಮಾಡಿ ಪ್ರತಿ ಮಹಡಿಯ ಕಾರಿಡಾರಿಗೆ ಬಿಡುತ್ತದೆ. ಅಲ್ಲಿಂದ ಮನೆ ಬಾಗಿಲಿನ ಕೆಳಗಿನ ಸಂದಿನಲ್ಲಿ ಒಳಗೆ ಹೋಗಬೇಕು. ಕಾಗದದ ಮೇಲೆ ಭಾಳ ಛಲೋ. ಆದರೆ ಆಗುವುದೇನು? ಪಕ್ಕದ ಮನೆಯವರು ಮೀನು ಹುರಿದರೆ ಆ ವಾಸನೆ, ಸಿಗರೇಟ್ ಸೇದಿದರೆ ಆ ವಾಸನೆ, ಎಲ್ಲಾ ಕಾರಿಡಾರಿನಿಂದ ಒಳಗೆ ಬರುತ್ತದೆ. ಹುಡುಗರು ಬಾಗಿಲಿನ ಕೆಳಗೆ ಟವೆಲ್ ತುರುಕುತ್ತಾರೆ, ಟೇಪ್ ಹಚ್ಚುತ್ತಾರೆ. ತಮಗೆ ಬರುವ ಗಾಳಿಯನ್ನು ತಾವೇ ಬಂದ್ ಮಾಡಿಕೊಂಡಂಗಾಯ್ತು. ಆಮೇಲೆ "ರೂಮಿನೊಳಗ ಉಸಿರು ಕಟ್ಟತದ" ಅಂತ ನನಗೇ ಫೋನ್.

ಚಳಿಗಾಲದಲ್ಲಿ ಇನ್ನೊಂದು ತಮಾಷೆ. ಹೊರಗೆ ಮೈನಸ್ 20. ಕಟ್ಟಡದೊಳಗಿನ ಬಿಸಿ ಗಾಳಿ ಲಿಫ್ಟ್ ಶಾಫ್ಟು, ಮೆಟ್ಟಿಲಿನ ಶಾಫ್ಟು ಹಿಡಿದು ಮೇಲಕ್ಕೆ ನುಗ್ಗುತ್ತದೆ. ಕೆಳಗಡೆ ಲಾಬಿ ಬಾಗಿಲು ತೆಗೆಯಲು ಭುಜ ಕೊಟ್ಟು ನೂಕಬೇಕು. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚದೆ ಸೀಟಿ ಹೊಡೆಯುತ್ತದೆ. ಕೆಳಮಹಡಿಯವರಿಗೆ ಚಳಿ, ಮೇಲಿನವರು ಜನವರಿಯಲ್ಲೂ ಕಿಟಕಿ ತೆಗೆದು ಕೂತಿರುತ್ತಾರೆ. ಅವರು ಕಿಟಕಿ ತೆಗೆದಷ್ಟೂ ಕೆಳಗಿನವರಿಗೆ ಚಳಿ ಜಾಸ್ತಿ.

ಪೆನ್ನೈನ್_ಪಯಣಿಗ

ಪೇಡೆಯವರು ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. ಎತ್ತರ ಒಂದು ಮೀಟರ್, ತಾಪ ವ್ಯತ್ಯಾಸ ಒಂದು ಡಿಗ್ರಿಗೆ ಸುಮಾರು 0.04 ಪಾಸ್ಕಲ್ ಒತ್ತಡ. 66 ಮೀಟರ್ ಕಟ್ಟಡ, 40 ಡಿಗ್ರಿ ವ್ಯತ್ಯಾಸ ಇದ್ದರೆ ಬುಡದಿಂದ ತುದಿಗೆ 100 ಪಾಸ್ಕಲ್ ಮೇಲೆ. ಉತ್ತರ ಇಂಗ್ಲೆಂಡಿನಲ್ಲಿ ಇದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಔಷಧಿ ಎರಡೂ ಕಡೆ ಒಂದೇ: ಪ್ರತಿ ಮಹಡಿ, ಪ್ರತಿ ಫ್ಲಾಟು ಅದರಷ್ಟಕ್ಕೆ ಬಿಗಿಯಾಗಿರಬೇಕು, ಪ್ರತಿಯೊಂದಕ್ಕೂ ಅದರದೇ ಗಾಳಿ ಇರಬೇಕು.

ಗಾಂಧಿಬಜಾರ್_ಗುರು

ನಂದೊಂದು ಪ್ರಶ್ನೆ. ನಮ್ಮ ಅಜ್ಜಿ ಮನೆಯಲ್ಲಿ ಅಡುಗೆಮನೆ ನೆತ್ತಿಯ ಮೇಲೆ ಬೆಳಕಿಂಡಿ ಇತ್ತು. ಹೊಗೆ, ಹಬೆ ಎಲ್ಲಾ ತಾನೇ ಮೇಲಕ್ಕೆ ಹೋಗೋದು, ಫ್ಯಾನ್ ಬೇಡ, ಫಿಲ್ಟರ್ ಬೇಡ. ಬಿಸಿ ಗಾಳಿ ಅಷ್ಟು ಜೋರಾಗಿ ಮೇಲಕ್ಕೆ ಹೋಗುತ್ತೆ ಅಂತೀರಲ್ಲ, 22 ಮಹಡಿಗೂ ಸೇರಿ ಒಂದು ಶಾಫ್ಟ್ ಬಿಟ್ಟು ಅದನ್ನೇ ಬಳಸ್ಕೊಳ್ಳಬಹುದಲ್ವಾ?

ಪೆನ್ನೈನ್_ಪಯಣಿಗ

ಹಬೆ ಹೋಗುವ ದಾರಿಯಲ್ಲೇ ಬೆಂಕಿಯ ಹೊಗೆಯೂ ಹೋಗುತ್ತದೆ, ಗುರುಗಳೇ. 5ನೇ ಮಹಡಿಯ ಅಡುಗೆಮನೆ ಹೊತ್ತಿಕೊಂಡರೆ 18ನೇ ಮಹಡಿಯಲ್ಲಿ ಮಲಗಿರುವವನ ರೂಮಿಗೆ ಹೊಗೆ. ಅದಕ್ಕೇ ಎಲ್ಲಾ ಮಹಡಿಗೂ ಒಂದೇ ಶಾಫ್ಟ್ ಬಳಸಿದರೆ ಪ್ರತಿ ಮಹಡಿಯಲ್ಲೂ, ಪ್ರತಿ ಫ್ಲಾಟಿನ ಗೋಡೆ ದಾಟುವಲ್ಲೂ ಫೈರ್ ಡ್ಯಾಂಪರ್, ಅಂದರೆ ಬೆಂಕಿ ಬಿದ್ದಾಗ ಡಕ್ಟನ್ನು ಮುಚ್ಚುವ ತಡೆ, ಹಾಕಬೇಕು. ಹಾಕಿದ್ದನ್ನು ಆಗಾಗ ಪರೀಕ್ಷೆ ಮಾಡಬೇಕು. ಅದರ ಹತ್ತಿರ ಹೋಗಲು ಸೀಲಿಂಗಿನಲ್ಲಿ ಬಾಗಿಲು ಬೇಕು. ರೂಮಿಗೊಂದು ಯಂತ್ರ ಇಡುವ ರೂಢಿ ಬಂದಿದ್ದಕ್ಕೆ ಇದೂ ಒಂದು ಕಾರಣ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಮುಂದಿನ ವರ್ಷದ ಕೊನೆಗೆ ಇಂಗ್ಲೆಂಡಿನಲ್ಲಿ 18 ಮೀಟರ್ ಅಥವಾ ಅದಕ್ಕಿಂತ ಎತ್ತರದ ವಸತಿ ಕಟ್ಟಡಗಳ ಹೊರಗೋಡೆಗೆ ಉರಿಯುವ ಸಾಮಾನು ಹಾಕುವಂತಿಲ್ಲ ಅಂತ ಕಾನೂನು ಬಂತು. ವಿದ್ಯಾರ್ಥಿ ವಸತಿಯೂ ಅದರಲ್ಲಿ ಸೇರಿದೆ. 2019ರ ನವೆಂಬರಿನಲ್ಲಿ ಬೋಲ್ಟನ್ ಊರಿನ ಕ್ಯೂಬ್ ಅನ್ನುವ ವಿದ್ಯಾರ್ಥಿ ವಸತಿ ಹೊತ್ತಿಕೊಂಡಿತು. ಅದರ ಎತ್ತರ 18 ಮೀಟರಿಗೆ ಕೂದಲೆಳೆಯಷ್ಟು ಕಡಿಮೆ! ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಹೈದ, ಗೋಡೆ ತೂರಿ ಹೋಗುವ ನಿಮ್ಮ ಒಂದೊಂದು ಡಕ್ಟೂ ಆ ಹೊರಗೋಡೆಯಲ್ಲಿ ಒಂದು ತೂತು. ಅದರ ಸುತ್ತ ಬೆಂಕಿ ತಡೆಯುವ ಕ್ಯಾವಿಟಿ ಬ್ಯಾರಿಯರ್ ತೋರಿಸಿದ್ದಾರಾ ಅಂತ ಆರ್ಕಿಟೆಕ್ಟನ್ನು ಕೇಳಿ.

ಕರಾವಳಿ_ಕೂಸು

ಬೆಂಕಿ ಅಂದಾಗ ನೆನಪಾಯಿತು. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯ ಕತೆ ಯಾರೂ ಕೇಳಲಿಲ್ಲವಾ?

ಇಂಡಕ್ಷನ್ ಒಲೆ, ಮೇಲೆ ಚಿಮಣಿ. ನಾನು ಅದು ಹೊಗೆಯನ್ನು ಹೊರಗೆ ಕಳಿಸುತ್ತದೆ ಅಂದುಕೊಂಡಿದ್ದೆ. ಒಂದು ದಿನ ಬಗ್ಗಿ ನೋಡಿದರೆ ಎಳೆದ ಗಾಳಿಯನ್ನು ಮೇಲಿನ ಸಂದಿನಿಂದ ನಮ್ಮ ಮುಖಕ್ಕೇ ಬಿಡುತ್ತಿದೆ! ಎಣ್ಣೆಗೆ ಸಾಸಿವೆ, ಒಣಮೆಣಸು ಬಿದ್ದರೆ ಆರು ರೂಮಿನವರೂ ಕೆಮ್ಮುತ್ತಾರೆ. ಅಡುಗೆಮನೆ ಬಾಗಿಲು ತೆರೆದಿಟ್ಟರೆ ಘಾಟು ಕಾರಿಡಾರಿಗೆ ಹೋಗಿ ಅಲ್ಲಿನ ಸ್ಮೋಕ್ ಡಿಟೆಕ್ಟರ್ ಕೂಗುತ್ತದೆ. ರಾತ್ರಿ ಹನ್ನೊಂದಕ್ಕೆ ಸಾರಿಗೆ ಒಗ್ಗರಣೆ ಹಾಕಿ ಇಡೀ ಮಹಡಿಯವರನ್ನು ರಸ್ತೆಗೆ ಇಳಿಸಿದ ಕೀರ್ತಿ ನಮ್ಮ ಫ್ಲಾಟಿಗೆ ಉಂಟು. ಈಗ ನಾವು ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಹಾಕಿ ಒಗ್ಗರಣೆ ಸಿಡಿಸುತ್ತೇವೆ.

ಧಾರವಾಡ_ಪೇಡೆ

ಮುಚ್ಚಳ ಹಾಕಿ ಒಗ್ಗರಣಿನಾ! ನಮ್ಮವ್ವ ಕೇಳಿದರೆ ನಿಮ್ಮನ್ನ ಮನೀಗೆ ಸೇರಸಂಗಿಲ್ಲ ನೋಡ್ರಿ.

ಪೆನ್ನೈನ್_ಪಯಣಿಗ

ಅದು ಗಾಳಿ ಸುತ್ತಿಸುವ ಚಿಮಣಿ. ಒಳಗೆ ಜಿಡ್ಡಿನ ಜಾಲರಿ, ಅದರ ಮೇಲೆ ಇದ್ದಿಲಿನ ಫಿಲ್ಟರ್. ಜಿಡ್ಡನ್ನು ಸ್ವಲ್ಪ ಹಿಡಿಯುತ್ತದೆ. ಹಬೆ ಹಿಡಿಯುವುದಿಲ್ಲ, ಘಾಟನ್ನೂ ಪೂರ್ತಿ ಹಿಡಿಯುವುದಿಲ್ಲ. ಆ ಕೆಲಸ ಸೀಲಿಂಗಿನಲ್ಲಿ ಗಾಳಿ ಎಳೆಯುವ ಎಕ್ಸ್‌ಟ್ರ್ಯಾಕ್ಟ್ ವಾಲ್ವಿನದು, ಅದು ಒಲೆಯಿಂದ ದೂರ ಇರುತ್ತದೆ. ಚಿಮಣಿಯನ್ನು ನೇರವಾಗಿ ಎಂವಿಹೆಚ್‌ಆರ್‌ಗೆ ಜೋಡಿಸುವಂತೆಯೂ ಇಲ್ಲ, ಜಿಡ್ಡು ಹೋಗಿ ಯಂತ್ರ ಹಾಳಾಗುತ್ತದೆ, ಬೆಂಕಿಗೂ ದಾರಿ.

ಆರು ಜನ, ಅದರಲ್ಲಿ ನಾಲ್ಕು ಜನ ದಿನಾ ಒಗ್ಗರಣೆ ಹಾಕುವವರು ಅಂತ ಗೊತ್ತಿದ್ದೂ ಅಡುಗೆಮನೆಗೆ ಚಿಕ್ಕ ಕುಟುಂಬದ ಮನೆಯ ಲೆಕ್ಕ ಹಾಕುತ್ತಾರೆ. ಇಂಗ್ಲೆಂಡಿನ ನಿಯಮದಲ್ಲಿ ಮನೆಯ ಅಡುಗೆಮನೆಗೆ ಸದಾ ಓಡುವ ಫ್ಯಾನ್ ಆದರೆ ಸೆಕೆಂಡಿಗೆ 13 ಲೀಟರ್ ಸಾಕು. ಬೇಕಾದಾಗ ಮಾತ್ರ ಓಡುವ ಫ್ಯಾನಾದರೆ ಒಲೆಯ ಮೇಲಿದ್ದಾಗ 30, ಬೇರೆ ಕಡೆ ಇದ್ದರೆ 60. ನನ್ನ ಅಭಿಪ್ರಾಯ ಹೇಳುವುದಾದರೆ, ಇಂಥ ಹಂಚಿಕೆಯ ಅಡುಗೆಮನೆಗೆ ಎಂವಿಹೆಚ್‌ಆರ್ ಬೇರೆ, ಹೊರಗೋಡೆಗೆ ನೇರ ಡಕ್ಟ್ ಇರುವ ಚಿಮಣಿ ಬೇರೆ. ಖರ್ಚು ಜಾಸ್ತಿ. ಆದರೂ ಇಲ್ಲಿ ಮಾತ್ರ ನಾನು ಜಗಳ ಆಡುತ್ತೇನೆ.

ನಿರ್ವಾಹಕ

ಬಾಡಿಗೆ, ಡೆಪಾಸಿಟ್, ಏಜೆಂಟ್ ಬಗೆಗಿನ ಪೋಸ್ಟುಗಳನ್ನು "ವಿದೇಶದಲ್ಲಿ ಓದು" ವಿಭಾಗಕ್ಕೆ ಸರಿಸಿದ್ದೇನೆ. ಇಲ್ಲಿ ಗಾಳಿ, ಬಿಸಿ ಮಾತ್ರ ಇರಲಿ.

ಮಲೆನಾಡ_ಮಂಜು

ನ್ಯೂಯಾರ್ಕ್ ಕಡೆಯಿಂದ ಒಂದು ಉದಾಹರಣೆ. ರೂಸ್‌ವೆಲ್ಟ್ ದ್ವೀಪದಲ್ಲಿ ಕಾರ್ನೆಲ್ ಟೆಕ್ ಕ್ಯಾಂಪಸ್ಸಿನ "ದಿ ಹೌಸ್" ಅಂತ ಇದೆ. 26 ಮಹಡಿ, 2017ರಲ್ಲಿ ಮುಗಿಯಿತು, ಹ್ಯಾಂಡಲ್ ಆರ್ಕಿಟೆಕ್ಟ್ಸ್ ವಿನ್ಯಾಸ. ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ ಎಲ್ಲರೂ ಇರುತ್ತಾರೆ. ತೀರಾ ಕಡಿಮೆ ಶಾಖದಲ್ಲಿ ಬೆಚ್ಚಗಿರುವ ಪ್ಯಾಸಿವ್ ಹೌಸ್ ಪದ್ಧತಿಯಲ್ಲಿ ಕಟ್ಟಿದ್ದು. ಆಗ ಜಗತ್ತಿನ ಅತಿ ಎತ್ತರದ ಪ್ಯಾಸಿವ್ ಹೌಸ್ ಅದೇ. ಆಮೇಲೆ ಸ್ಪೇನಿನ ಬಿಲ್ಬಾವೊದಲ್ಲಿ 28 ಮಹಡಿಯದು ಬಂತು.

ಆ ಪದ್ಧತಿಯ ಕಟ್ಟುಪಾಡು ಎರಡೇ ಸಾಲಿನಲ್ಲಿ: ಬಿಸಿ ಮಾಡಲು ಚದರ ಮೀಟರಿಗೆ 10 ವ್ಯಾಟ್ ಸಾಕಾಗಬೇಕು, ಇಲ್ಲವೇ ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ದಾಟಬಾರದು. 50 ಪಾಸ್ಕಲ್ ಒತ್ತಡ ಹಾಕಿ ಪರೀಕ್ಷಿಸಿದಾಗ ಗಂಟೆಗೆ ಒಳಗಿನ ಗಾಳಿಯ 0.6 ಪಾಲಿಗಿಂತ ಜಾಸ್ತಿ ಸೋರಬಾರದು. ಹೈದ ಅವರ 13 ಚದರ ಮೀಟರಿಗೆ 130 ವ್ಯಾಟ್ ಆಯಿತು.

ಅಲ್ಲಿ ಪ್ರತಿ ಮನೆಗೂ ಸೋಸಿದ ಹೊಸ ಗಾಳಿ ಹೋಗುತ್ತದೆ, ಅಡುಗೆಮನೆ, ಬಾತ್‌ರೂಮಿನಿಂದ ಹಳೆಯದು ಬರುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದರೆ ಒಂದು ಮಗ್ಗುಲಲ್ಲಿ ಬುಡದಿಂದ ತುದಿವರೆಗೆ ಲೂವರಿನ ಪಟ್ಟಿ ಕಾಣುತ್ತದೆ. ಬಿಸಿ ಮಾಡುವ, ತಂಪು ಮಾಡುವ ಯಂತ್ರಗಳು ಅದರ ಹಿಂದೆ ಮಹಡಿಮಹಡಿಯಲ್ಲೂ ಕೂತಿವೆ. ನನಗೆ ಇಷ್ಟವಾದದ್ದು ಇದೇ. ರಿಪೇರಿಯವನು ಯಾರ ಮಲಗುವ ಕೋಣೆಗೂ ಹೋಗಬೇಕಾಗಿಲ್ಲ.

ಹಾಸನದ_ಹೈದ

ಮಂಜು ಅವರೇ, ಅಲ್ಲಿ ಏಸಿ ಇದೆ. ನಮ್ಮ ಕಟ್ಟಡದಲ್ಲಿ ರೂಮಿಗೆ ಏಸಿ ಇಲ್ಲ. ಬೇಸಿಗೆಗೆ ಹುಡುಗರು ಊರಿಗೆ ಹೋಗಿರುತ್ತಾರೆ, ಚಿಂತೆ ಇಲ್ಲ ಅಂತ ನಮ್ಮ ಮೀಟಿಂಗಿನಲ್ಲಿ ಒಬ್ಬರು ಹೇಳಿದರು.

ಕೋಟೆನಾಡಿನ_ಕಲ್ಲು

ಯಾರು ಸ್ವಾಮಿ ಊರಿಗೆ ಹೋಗೋರು? ಮೂರು ವರ್ಷದ ಡಿಗ್ರಿಯ ಇಂಗ್ಲಿಷ್ ಹುಡುಗರು ಹೋಗುತ್ತಾರೆ. ನಮ್ಮಂಥ ಮಾಸ್ಟರ್ಸ್‌ನವರಿಗೆ ಕೋರ್ಸೇ ಹನ್ನೆರಡು ತಿಂಗಳು. ಜೂನ್‌ನಿಂದ ಆಗಸ್ಟ್ ಡಿಸರ್ಟೇಶನ್ ಬರೆಯುವ ಕಾಲ. ಹಗಲೂ ರಾತ್ರಿ ರೂಮಿನಲ್ಲೇ.

2022ರ ಜುಲೈ 19 ನೆನಪಿದೆಯಾ? ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾದ ದಿನ. ಬ್ರಿಟನ್ನಿಗೆ ಅದೇ ದಾಖಲೆ. ಚಿತ್ರದುರ್ಗದ ಬಿಸಿಲು ಕುಡಿದು ಬೆಳೆದವನು ನಾನು, 40 ಡಿಗ್ರಿಗೆ ಹೆದರಲ್ಲ. ಆದರೆ ಚಿತ್ರದುರ್ಗದಲ್ಲಿ ಫ್ಯಾನಿದೆ, ಎದುರುಬದುರು ಕಿಟಕಿ ಇದೆ, ರಾತ್ರಿ ಮಾಳಿಗೆ ಮೇಲೆ ಮಲಗಬಹುದು. ಇಲ್ಲಿ ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು, ಕಿಟಕಿ ತೆರೆಯುವುದು ನಾಲ್ಕು ಬೆರಳು. ರಾತ್ರಿ ಒಂದು ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ. ಒದ್ದೆ ಟವೆಲ್ ಹೊದ್ದು ಲಿಟರೇಚರ್ ರಿವ್ಯೂ ಬರೆದೆ.

ಪೆನ್ನೈನ್_ಪಯಣಿಗ

ಹೈದ, ಆ ಮೀಟಿಂಗಿನವರಿಗೆ ಕಲ್ಲು ಅವರ ಪೋಸ್ಟ್ ಓದಿ ಹೇಳಿ. ಹೋಗಲಿ, ನಿಯಮವೇ ಅದನ್ನು ಒಪ್ಪುವುದಿಲ್ಲ. 2022ರ ಜೂನ್ 15ರಿಂದ ಇಂಗ್ಲೆಂಡಿನಲ್ಲಿ ಪಾರ್ಟ್ ಓ ಅಂತ ಹೊಸ ಕಾನೂನು ಇದೆ. ಹೊಸ ವಸತಿ ಕಟ್ಟಡ ಬೇಸಿಗೆಯಲ್ಲಿ ಅತಿಯಾಗಿ ಕಾಯಬಾರದು. ವಿದ್ಯಾರ್ಥಿ ವಸತಿಯೂ ಸೇರಿದೆ. ಕಂಪ್ಯೂಟರ್ ಮಾಡೆಲ್ ಮಾಡುವುದಾದರೆ, ಮನೆ ಅತಿಯಾಗಿ ಕಾಯುತ್ತದಾ ಅಂತ ನೋಡುವ ಟಿಎಂ59 ಪದ್ಧತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ನಡುವೆ ಮಲಗುವ ಕೋಣೆ 26 ಡಿಗ್ರಿ ದಾಟುವುದು ವರ್ಷಕ್ಕೆ ಶೇ 1ಕ್ಕಿಂತ, ಅಂದರೆ 32 ಗಂಟೆಗಿಂತ, ಜಾಸ್ತಿ ಆಗಬಾರದು.

ಎಲ್ಲರೂ ಎಡವುವುದು ಇಲ್ಲಿ. "ಎಂವಿಹೆಚ್‌ಆರ್ ಇದೆಯಲ್ಲ, ಬೇಸಿಗೆಗೆ ಅದೇ ಸಾಕು" ಅಂತಾರೆ. ಲೆಕ್ಕ ಹಾಕಿ ನೋಡಿ. ಕಿಟಕಿ 2 ಚದರ ಮೀಟರ್. ಅದರ ಮೇಲೆ ಚದರ ಮೀಟರಿಗೆ 500 ವ್ಯಾಟ್ ಬಿಸಿಲು ಬಿತ್ತು. ಗಾಜು ಅದರಲ್ಲಿ ಶೇ 60 ಒಳಗೆ ಬಿಟ್ಟಿತು. 600 ವ್ಯಾಟ್ ರೂಮಿಗೆ ಬಂತು. ಚಳಿಗಾಲದಲ್ಲಿ ನಿಮಗೆ ಚಿಕ್ಕದು ಅನಿಸಿದ 500 ವ್ಯಾಟ್ ಹೀಟರನ್ನು ಜುಲೈನಲ್ಲಿ ಪೂರ್ತಿ ಉರಿಸಿದ ಹಾಗೆ, ಮೇಲೊಂದಿಷ್ಟು. ಸೆಕೆಂಡಿಗೆ 8 ಲೀಟರ್ ಗಾಳಿ ಒಂದು ಡಿಗ್ರಿಗೆ ಹೊತ್ತೊಯ್ಯುವುದು 9.6 ವ್ಯಾಟ್. ರೂಮು ಹೊರಗಿಗಿಂತ 5 ಡಿಗ್ರಿ ಮಾತ್ರ ಜಾಸ್ತಿ ಇರಲಿ ಅಂದರೆ ಸೆಕೆಂಡಿಗೆ 100 ಲೀಟರ್ ಗಾಳಿ ಬೇಕು! ಸೀಲಿಂಗಿನ ಚಪ್ಪಟೆ ಯಂತ್ರದಿಂದ ಅದು ಆಗುವ ಮಾತಲ್ಲ.

ಅಂದರೆ ಈ ರೂಮಿಗೆ ಎರಡು ಥರದ ಗಾಳಿ ಬೇಕು. ವರ್ಷವಿಡೀ ಉಸಿರಿಗೆ, ತೇವಕ್ಕೆ 8 ಲೀಟರ್. ಬೇಸಿಗೆಗೆ ಅದರ ಹತ್ತು ಹನ್ನೆರಡು ಪಟ್ಟು. ಎರಡಕ್ಕೂ ಬೇರೆ ಬೇರೆ ದಾರಿ ಬೇಕು. ಒಂದರಲ್ಲೇ ಮುಗಿಸಲು ಹೋದವರ ಕಟ್ಟಡಗಳಲ್ಲೇ ಕಲ್ಲು ಅವರಂಥವರು ಒದ್ದೆ ಟವೆಲ್ ಹೊದ್ದಿದ್ದು.

ಹಾಸನದ_ಹೈದ

100 ಮಿಲಿಮೀಟರ್ ತೆರೆಯುವ ಕಿಟಕಿಯಲ್ಲಿ 100 ಲೀಟರ್ ಹೇಗೆ ಬರುತ್ತೆ ಸರ್? ಮೇಲಾಗಿ ನಮ್ಮ ಸೈಟಿನ ಪಕ್ಕ ದೊಡ್ಡ ರಸ್ತೆ. ರಾತ್ರಿ ಸದ್ದಿಗೆ ಯಾರು ಕಿಟಕಿ ತೆಗೆಯುತ್ತಾರೆ?

ಪೆನ್ನೈನ್_ಪಯಣಿಗ

ಸರಿಯಾದ ಪ್ರಶ್ನೆ. ಪಾರ್ಟ್ ಓ ಅದನ್ನೂ ಹಿಡಿದಿದೆ. ರಾತ್ರಿ ಹನ್ನೊಂದರಿಂದ ಏಳರವರೆಗೆ ಮಲಗುವ ಕೋಣೆಯೊಳಗಿನ ಸರಾಸರಿ ಸದ್ದು 40 ಡೆಸಿಬಲ್ ಮೀರಿದರೆ ಜನ ಕಿಟಕಿ ಮುಚ್ಚುತ್ತಾರೆ ಅಂತಲೇ ಲೆಕ್ಕ ಹಿಡಿಯಬೇಕು. ಹಾಗಂತ ಮೊದಲೇ ಏಸಿಗೆ ಓಡುವಂತಿಲ್ಲ. ಬೇರೆ ದಾರಿಗಳು ಸಾಲದಾದಾಗ ಮಾತ್ರ.

ಮೊದಲು ಬಿಸಿಲು ತಡೆಯಿರಿ. ಶೇ 60ರ ಬದಲು 35 ಬಿಡುವ ಗಾಜು ಹಾಕಿದರೆ 600 ಇದ್ದದ್ದು 350 ಆಗುತ್ತದೆ. ಕಿಟಕಿ ಗೋಡೆಯೊಳಗೆ ಒಂದಡಿ ಹಿಂದೆ ಇದ್ದರೆ ಇನ್ನೂ ಇಳಿಯುತ್ತದೆ. ನೆಲದವರೆಗೆ ಗಾಜು ಯಾಕೆ ಬೇಕು? ಮೊಣಕಾಲು ಕಾಯಿಸುವುದು ಬಿಟ್ಟರೆ ಅದರಿಂದ ಉಪಯೋಗ ಏನೂ ಇಲ್ಲ.

ಆಮೇಲೆ ಕಿಟಕಿಯನ್ನು ಎರಡು ಭಾಗ ಮಾಡಿ. ಗಾಜಿನ ಭಾಗ ತೆರೆಯುವುದೇ ಬೇಡ. ಪಕ್ಕದಲ್ಲಿ ಒಂದು ಅಡಿ ಅಗಲದ, ಆಳೆತ್ತರದ ಗಟ್ಟಿ ಬಾಗಿಲು ಇರಲಿ, ಒಳಗೆ ತೆರೆದುಕೊಳ್ಳುವಂಥದ್ದು. ಅದರ ಹೊರಗೆ ಲೋಹದ ಲೂವರು ಅಥವಾ ತೂತಿನ ತಗಡು ಬಿಗಿದಿರಲಿ. ಯಾರೂ ಬೀಳುವ ಹಾಗಿಲ್ಲ, ಆದ್ದರಿಂದ 100 ಮಿಲಿಮೀಟರಿನ ತಡೆ ಬೇಕಿಲ್ಲ. ಮಳೆ ಬರಲ್ಲ. ಪೂರ್ತಿ ತೆರೆದುಕೊಂಡೇ ಮಲಗಬಹುದು. ಲೂವರಿನ ಒಳಮೈಗೆ ಸದ್ದು ಹೀರುವ ಪದರ ಹಾಕಿದರೆ ರಸ್ತೆ ಸದ್ದೂ ಸ್ವಲ್ಪ ಇಳಿಯುತ್ತದೆ.

ಧಾರವಾಡ_ಪೇಡೆ

ಮೇಂಟೆನೆನ್ಸಿನವನ ಒಂದು ಮಾತು ಸೇರಿಸ್ಕೊಳ್ರಿ. ಬಿಸಿನೀರಿನ ಪೈಪು ಕಾರಿಡಾರಿನ ಸೀಲಿಂಗಿನೊಳಗೆ ಓಡಿಸಿದ್ದರೆ ಅದು ವರ್ಷವಿಡೀ ಬಿಸಿಯಾಗಿರುತ್ತದೆ. ಕಾರಿಡಾರಿಗೆ ಕಿಟಕಿ ಇರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಟ್ಟಡದಲ್ಲಿ ಜನವರಿಯಲ್ಲೂ ಕಾರಿಡಾರ್ ಕಾಯ್ತಿತ್ತು.

ಪೆನ್ನೈನ್_ಪಯಣಿಗ

ನೂರಕ್ಕೆ ನೂರು. ಲೀಜನೆಲ್ಲಾ ರೋಗಾಣು ಬೆಳೆಯಬಾರದು ಅಂತ ಬಿಸಿನೀರನ್ನು 60 ಡಿಗ್ರಿಯಲ್ಲಿ ಇಡಬೇಕು, ಪೈಪಿನಲ್ಲಿ ಸುತ್ತಿಸುತ್ತಲೇ ಇರಬೇಕು. ಏಳು ನಿಮಿಷದ ಒಂದು ಸ್ನಾನಕ್ಕೆ ಸುಮಾರು 2 ಯೂನಿಟ್ ಶಾಖ ಹೋಗುತ್ತದೆ. ಹಾಗಾಗಿ ಇಂಥ ಕಟ್ಟಡದಲ್ಲಿ ವರ್ಷದ ಲೆಕ್ಕದಲ್ಲಿ ರೂಮು ಬಿಸಿ ಮಾಡುವುದಕ್ಕಿಂತ ಸ್ನಾನದ ನೀರೇ ಜಾಸ್ತಿ ತಿನ್ನುತ್ತದೆ. ಅದೇ ಸೀಲಿಂಗಿನಲ್ಲಿ ತಣ್ಣೀರಿನ ಪೈಪೂ ಇದ್ದು 20 ಡಿಗ್ರಿ ದಾಟಿದರೆ ಅದರಲ್ಲೂ ರೋಗಾಣುವಿನ ಭಯ. ಪೈಪನ್ನು ಶಾಫ್ಟಿನಲ್ಲಿ ನೆಟ್ಟಗೆ ಮೇಲಕ್ಕೆ ಒಯ್ಯಿರಿ, ಕಾರಿಡಾರಿನಲ್ಲಿ ಅಡ್ಡ ಓಡಿಸುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಇನ್ಸುಲೇಶನ್ ವಾಲ್ವಿನ ಮೇಲೂ ಇರಲಿ. ಕಾರಿಡಾರಿಗೆ ಟಿಎಂ59ರಲ್ಲಿ 28 ಡಿಗ್ರಿ ಅಂತ ಒಂದು ಗೆರೆ ಇದೆ, ಅದನ್ನೂ ಮಾಡೆಲ್ ಮಾಡಿ.

ಕರಾವಳಿ_ಕೂಸು

ನನ್ನದು ಒಂದೇ ಬೇಡಿಕೆ. ಬಟ್ಟೆ ಒಣಗಿಸುವ ಜಾಗ ಡ್ರಾಯಿಂಗಿನಲ್ಲೇ ತೋರಿಸಿ. ನೀವು ತೋರಿಸದಿದ್ದರೂ ನಾವು ಒಣಗಿಸುವುದು ಬಿಡುವುದಿಲ್ಲ.

ಪೆನ್ನೈನ್_ಪಯಣಿಗ

ಶವರ್ ತಟ್ಟೆಯ ಮೇಲೆ ಎಳೆದು ಕಟ್ಟುವ ಹಗ್ಗದ ರೀಲು, ಎಕ್ಸ್‌ಟ್ರ್ಯಾಕ್ಟ್ ಗ್ರಿಲ್ಲಿನ ನೇರ ಕೆಳಗೆ. ತೇವ ಏರಿದಾಗ ಫ್ಯಾನ್ ತಾನೇ ಜೋರಾಗುವ ಸೆನ್ಸರ್. ಅಷ್ಟು ಸಾಕು, ಮೂಲೆಯ ಬೂಷ್ಟು ಅರ್ಧ ನಿಲ್ಲುತ್ತದೆ.

ಹಾಸನದ_ಹೈದ

ಇವತ್ತು ಆರ್‌ಎಫ್‌ಐ (ಡ್ರಾಯಿಂಗಿನ ಬಗ್ಗೆ ವಿವರ ಕೇಳುವ ಪತ್ರ) ಬರೆದು ಕಳಿಸಿದೆ. ಅಡುಗೆಮನೆಗೆ ಹೊರಗೆ ಹೋಗುವ ಚಿಮಣಿ, ಪಕ್ಕದ ಲೂವರ್ ಬಾಗಿಲು, ಫಿಲ್ಟರ್ ಮುಚ್ಚಳದ ಜಾಗ, ಬಟ್ಟೆಯ ಹಗ್ಗ, ಕಾರಿಡಾರಿನ ಪೈಪು. ಚಿಮಣಿಗೆ ಈಗಾಗಲೇ "ಬಜೆಟ್ ನೋಡಬೇಕು" ಅಂತ ಉತ್ತರ ಬಂತು. ಹಗ್ಗಕ್ಕೆ ತಕ್ಷಣ ಒಪ್ಪಿದರು, ನೂರಿನ್ನೂರು ರೂಪಾಯಿಯ ವಿಷಯ ಅಂತಿರಬೇಕು!

ಇನ್ನೊಂದು ಕಣ್ಣಿಗೆ ಬಿತ್ತು. ಹೊಸ ಗಾಳಿ ರೂಮಿಗೆ ಬರುತ್ತದೆ, ಹಳೆಯದನ್ನು ಬಾತ್‌ರೂಮಿನಿಂದ ಎಳೆಯುತ್ತೇವೆ. ನಡುವೆ ಬಾತ್‌ರೂಮಿನ ಬಾಗಿಲು ಇದೆ. ಅದರ ಕೆಳಗೆ ಸಂದು ಎಷ್ಟು ಅಂತ ಡ್ರಾಯಿಂಗಿನಲ್ಲಿ ಎಲ್ಲೂ ಇಲ್ಲ. ಬಾತ್‌ರೂಮು ಫ್ಯಾಕ್ಟರಿಯಲ್ಲೇ ಪೂರ್ತಿ ಮಾಡಿ ತಂದು ಕೂರಿಸುವ ಪಾಡ್.

ಪೆನ್ನೈನ್_ಪಯಣಿಗ

ಚೆನ್ನಾಗಿ ಹಿಡಿದಿರಿ. 760 ಮಿಲಿಮೀಟರ್ ಅಗಲದ ಬಾಗಿಲಿಗೆ ಕೆಳಗೆ 10 ಮಿಲಿಮೀಟರ್ ಸಂದು ಬೇಕು. ಅದು ಕಾರ್ಪೆಟ್ ಹಾಕಿದ ಮೇಲೆ ಉಳಿಯುವ ಸಂದು. ಪಾಡ್ ಫ್ಯಾಕ್ಟರಿಯವರು ಬರೀ ಕಾಂಕ್ರೀಟಿನಿಂದ ಅಳೆಯುತ್ತಾರೆ, ಕಾರ್ಪೆಟ್ ಬಂದು ಮುಚ್ಚಿಬಿಡುತ್ತದೆ. ಪಾಡ್ ಆರ್ಡರ್ ಹೋಗುವ ಮೊದಲೇ ಹೇಳಿ. ಹೋದ ಮೇಲೆ ಬಾಗಿಲು ಕತ್ತರಿಸುವವರು ಯಾರು ಅಂತ ಆರು ತಿಂಗಳು ಇಮೇಲ್ ಓಡಾಡುತ್ತದೆ.

ಹಾಸನದ_ಹೈದ

ಆರ್ಡರ್ ಶುಕ್ರವಾರ ಹೋಗುತ್ತಂತೆ. ಈಗಲೇ ಫೋನ್ ಮಾಡುತ್ತೇನೆ.